ಅಕ್ಕನ ಹೋರಿಗೆ ಇಂಗ್ಲಿಷ್ ಹಾಡುಗಾರನ ಹೆಸರು

ಸಂಗೀತವು ಪಶುವನ್ನು ಮನುಷ್ಯನನ್ನಾಗಿಯೂ ಮನುಷ್ಯನನ್ನು ದೇವರನ್ನಾಗಿಯೂ ಮಾಡಬಲ್ಲದೆಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಲ್ಲಿ ಯಾರೂ ನಮ್ಮ ಅಕ್ಕನ ಹೋರಿಯನ್ನು ನೋಡಿದವರಲ್ಲ. ನಾನು ನೋಡಿದ್ದೇನೆ. ಸಂಗೀತದಿಂದ ಅದು ಏನಾಯಿತೆಂಬುದನ್ನು ಕೊನೆಗೆ ಹೇಳುತ್ತೇನೆ. ಮನುಷ್ಯನಂತೂ ಆಗಲಿಲ್ಲ.

ಸಂಗೀತದ ಬಗ್ಗೆ ಮಾತಾಡಲು ನನಗಿರುವ ಅಧಿಕಾರ ಇಷ್ಟು: ಸವಣೂರಿನಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಅಂಗಡಿ ಈಗಲೂ ಇದೆ, ಕ್ಯಾಸೆಟ್ ಇಲ್ಲ. ಮೊಬೈಲಿನ ಕವರು, ಚಾರ್ಜರು, ಕಿವಿಗೆ ತುರುಕಿಕೊಳ್ಳುವ ವೈರು ಮಾರುತ್ತೇನೆ. ಆ ಕಾಲದಲ್ಲಿ ಬಂದ ಗಿರಾಕಿ ಕ್ಯಾಸೆಟ್ಟನ್ನು ಕೈಯಲ್ಲಿ ಹೊರಳಿಸಿ ನೋಡಿ, "ಹೆಂಗೈತ್ರಿ ಇದು?" ಎಂದು ಕೇಳುವುದು ವಾಡಿಕೆ. ಎದುರು ಅಂಗಡಿಯವನು ವೀಳ್ಯದೆಲೆ ಮಾರುತ್ತಿದ್ದ. ಎಲೆ ಖಾರವೋ ಸಪ್ಪೆಯೋ ಎಂದು ಕೇಳಿದರೆ ಅವನು ಸುಳ್ಳು ಹೇಳುತ್ತಿರಲಿಲ್ಲ, ಯಾಕೆಂದರೆ ಗಿರಾಕಿ ಅಲ್ಲೇ ಒಂದು ಎಲೆ ಬಾಯಿಗಿಟ್ಟು ನೋಡುತ್ತಿದ್ದ. ನಾನೂ ಅದೇ ಶಿಸ್ತಿನಲ್ಲಿ ಬೆಳೆದವನು. ಇಡೀ ಅಂಗಡಿಯ ಸರಕನ್ನು ಕೇಳಿದ್ದೆ. ಭಜನೆ ಕೇಳಿದ್ದೆ, ದೊಡ್ಡಾಟ ಕೇಳಿದ್ದೆ, ಸಿನಿಮಾದ ಹಾಡು ಕೇಳಿದ್ದೆ.

ಒಮ್ಮೆ ಹುಬ್ಬಳ್ಳಿಯ ಹೋಲ್‌ಸೇಲಿನವರು ಕಳಿಸಿದ ಪೆಟ್ಟಿಗೆಯಲ್ಲಿ, ಭಜನೆಗಳ ಕೆಳಗೆ, ಒಂದು ಸಾಲು ಇಂಗ್ಲಿಷ್ ಕ್ಯಾಸೆಟ್ ಬಂದವು. ವಾಪಸು ತೆಗೆದುಕೊಳ್ಳುವುದಿಲ್ಲವೆಂದರು. ಸವಣೂರಿನಲ್ಲಿ ಅವುಗಳಲ್ಲೊಂದನ್ನು ಕೊಂಡವರು ಒಬ್ಬರೇ ಒಬ್ಬರು. ಮರುದಿನ ಮುಂಜಾನೆ ವಾಪಸು ತಂದರು. "ಕೆಟ್ಟೈತ್ರಿ ಇದು" ಎಂದರು. ಹಾಕಿ ನೋಡಿದೆ. ಕೆಟ್ಟಿರಲಿಲ್ಲ, ಹಾಡೇ ಹಾಗಿತ್ತು.

ಮಾರಾಟವಾಗದ ಸರಕಿನ ಮುಂದೆ ವರ್ಷಗಟ್ಟಲೆ ಕುಳಿತ ವ್ಯಾಪಾರಿಗೆ ಆ ಸರಕಿನ ಬಗ್ಗೆ ಬರುವ ತಿಳಿವಳಿಕೆ ವಿದ್ವಾಂಸರಿಗೂ ಬರುವುದಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದಾಗ ನಾನು ಅವನ್ನೇ ಹಾಕಿಕೊಂಡು ಕೇಳಿದೆ. ಪ್ರೀತಿಯಿಂದಲ್ಲ, ಹಟದಿಂದ. ಹಾಗಾಗಿ ಜಗತ್ತಿನ ಮಹಾಮಹಾ ರಾಕ್ ಮತ್ತು ಪಾಪ್ ಹಾಡುಗಾರರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಅಭಿಪ್ರಾಯ ಹೇಳುತ್ತೇನೆ, ಹೆಸರು ಹೇಳುವುದಿಲ್ಲ. ಅದು ಅಕ್ಕನ ಅಪ್ಪಣೆ. "ಯಾರ ಹೆಸರನೂ ಬರೀಬ್ಯಾಡ ತಮ್ಮಾ. ಅವರ ತಾಯಂದಿರು ಓದಿದ್ರ ಮನಸಿಗೆ ಹಚ್ಚಿಕೋತಾರ" ಎಂದಿದ್ದಾಳೆ. ಆ ತಾಯಂದಿರು ಕನ್ನಡ ಓದುವ ಸಂಭವ ಕಡಿಮೆ. ಆದರೂ ಅಕ್ಕನ ಮಾತು ಮೀರುವ ಪದ್ಧತಿ ನಮ್ಮಲ್ಲಿಲ್ಲ.

ಅಕ್ಕನನ್ನು ಕೊಟ್ಟದ್ದು ಹಿರೇಕೆರೂರು ತಾಲೂಕಿಗೆ, ಮಾಸೂರಿನ ಹತ್ತಿರದ ಒಂದು ಊರಿಗೆ. ಮಡಗದ ಕೆರೆಯ ನೀರು ಹರಿಯುವ ಹೊಲ. ಮನೆಯಲ್ಲಿ ಅಕ್ಕ, ಭಾವ, ಮಗ. ಭಾವ ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ಮಗ, ಅಂದರೆ ನನ್ನ ಅಳಿಯ, ಮದುವೆ ಮುಂಜಿಗೆ ಸೌಂಡ್ ಬಾಕ್ಸು ಬಾಡಿಗೆಗೆ ಕೊಡುತ್ತಾನೆ. ಮದುವೆಯಲ್ಲಿ ಏನು ಹಾಕಬೇಕೋ ಅದನ್ನು ಹಾಕುತ್ತಾನೆ. ಬಾಕ್ಸು ಮನೆಗೆ ಬಂದ ಮೇಲೆ ಮಾತ್ರ ಇಂಗ್ಲಿಷಿನದು ಹಾಕುತ್ತಾನೆ. ಊರಿನವರು ಇದನ್ನು ಬಾಕ್ಸಿಗೆ ಆಗಾಗ ಕೊಡಬೇಕಾದ ಔಷಧವೆಂದು ತಿಳಿದು ಸುಮ್ಮನಿದ್ದಾರೆ.

ಇವರ ಮನೆಯಲ್ಲಿ ಒಂದು ಬಿಳಿ ಹೋರಿ. ನೋಡಲು ಚಂದ. ಎದ್ದ ಡುಬ್ಬ, ಕಡೆದಂಥ ಕೋಡು. ಕಟ್ಟಿದಲ್ಲಿ ನಿಂತರೆ ದೇವಸ್ಥಾನದ ಮುಂದಿನ ಬಸವಣ್ಣನೇ. ತೊಂದರೆಯೇನೆಂದರೆ ಬಿಟ್ಟರೂ ಹಾಗೇ ನಿಲ್ಲುತ್ತಿತ್ತು.

ನಮ್ಮ ಕಡೆ ದೀಪಾವಳಿ ಬಂತೆಂದರೆ ಹೋರಿ ಬೆದರಿಸುವ ಹಬ್ಬ. ಹೋರಿಯ ಕೊರಳಿಗೆ, ಮೈಗೆ ಒಣಕೊಬ್ಬರಿಯ ಸರ ಕಟ್ಟಿ ಅಖಾಡದಲ್ಲಿ ಬಿಡುತ್ತಾರೆ. ಎರಡೂ ಕಡೆ ನಿಂತ ಪೈಲ್ವಾನರು ಮೇಲೆ ಬಿದ್ದು ಕೊಬ್ಬರಿ ಹರಿದುಕೊಳ್ಳಬೇಕು. ಹರಿಯಗೊಡದೆ ದಾಟಿದ ಹೋರಿ ಗೆದ್ದಂತೆ. ಹೆಸರಾದ ಹೋರಿಗೆ ಬಿರುದಿರುತ್ತದೆ, ಧ್ವಜವಿರುತ್ತದೆ, ಅಭಿಮಾನಿ ಬಳಗವಿರುತ್ತದೆ. ಬಳಗಕ್ಕೆಲ್ಲ ಒಂದೇ ಬಣ್ಣದ ಟೀ ಶರ್ಟಿರುತ್ತದೆ. ಅಖಾಡಕ್ಕೆ ಇಳಿಯುವಾಗ ಅದರದೇ ಒಂದು ಹಾಡು ಹಾಕುತ್ತಾರೆ. ಮಾಲೀಕನನ್ನು ಮಾತ್ರ ಯಾರೂ ಕೇಳುವುದಿಲ್ಲ.

ಹಿಂದಿನ ವರ್ಷ ನಮ್ಮ ಹೋರಿ ಊರ ಅಖಾಡದಲ್ಲಿ ಅರ್ಧ ದಾರಿ ಹೋಗಿ, ಬೇಲಿಯ ಪಕ್ಕದ ಹುಲ್ಲು ಹಸಿರಾಗಿದೆಯೆಂದು ನಿಂತುಕೊಂಡಿತು. ಕೊಬ್ಬರಿಯ ಒಂದು ಚೂರೂ ಉಳಿಯಲಿಲ್ಲ. ಮನೆಯಲ್ಲಿ ಎರಡು ಪಕ್ಷವಾದವು. ಭಾವನ ಹತ್ತಿರ ಒಂದೇ ಎತ್ತು ಉಳಿದಿತ್ತು, ಅದಕ್ಕೊಂದು ಜೋಡಿ ಬೇಕಿತ್ತು. ಹೋರಿಯನ್ನು ಎತ್ತು ಮಾಡಿಸೋಣ ಎಂದರು. ಎತ್ತು ಮಾಡಿಸುವುದೆಂದರೆ ಏನೆಂದು ಹಳ್ಳಿಯವರಿಗೆ ಹೇಳಬೇಕಾಗಿಲ್ಲ, ಪ್ಯಾಟಿಯವರಿಗೆ ಹೇಳಲು ನನಗೆ ಸಂಕೋಚ. ದನದ ಡಾಕ್ಟರು ಬರುತ್ತಾರೆ, ಹೋಗುತ್ತಾರೆ. ಅವರು ಬರುವಾಗ ಅದು ಹೋರಿ, ಹೋಗುವಾಗ ಎತ್ತು.

ಅಳಿಯ ಊಟ ಬಿಟ್ಟ. ಕೊನೆಗೆ ಅಕ್ಕ ತೀರ್ಪು ಕೊಟ್ಟಳು. "ಈ ಸಲ ಹಾನಗಲ್ಲಿಗೆ ಒಯ್ರಿ. ಓಡಿದ್ರ ಹೋರಿ, ಓಡಲಿಲ್ಲಂದ್ರ ಎತ್ತು. ಮುಗೀತು."

ದಸರೆ ಮುಗಿದ ಮೇಲೆ ಅಳಿಯನ ಫೋನು ಬಂತು.

"ಮಾಮಾ, ಲಗೂನ ಬರ್ರಿ. ಹೋರಿಗೆ ಹೆಸರ ಇಡೂದೈತಿ."

"ಇಷ್ಟ ವರ್ಷ ಏನಂತ ಕರೀತಿದ್ರಿ?"

"ಅವ್ವ 'ಮಗನ' ಅಂತಾಳ. ಅಪ್ಪ ಏನೂ ಅನ್ನೂದಿಲ್ಲ. ಅದಕ್ಕ ಓಡಿಲ್ಲ ನೋಡ್ರಿ ಅದು. ಹೆಸರಿಲ್ಲದ ಹೋರಿ ಯಾರ ಸಲುವಾಗಿ ಓಡಬೇಕು?"

ಹುಲಿ, ಸಿಂಹ, ಸುನಾಮಿ, ಬಿರುಗಾಳಿ ಎಲ್ಲ ಬೇರೆ ಹೋರಿಗಳಿಗೆ ಹೋಗಿದ್ದವು. ಇನ್ನು ಉಳಿದದ್ದು ಫಾರಿನ್ನಿನ ಹೆಸರು, ಇಡುವುದಾದರೆ ದೊಡ್ಡ ರಾಕ್ ಹಾಡುಗಾರನದೇ ಇಡಬೇಕು ಎಂಬುದು ಅಳಿಯನ ನಿಶ್ಚಯ. ಯಾರದೆಂದು ಹೇಳಲು ಮನೆತನದಲ್ಲಿ ಆ ಸಂಗೀತ ಕೇಳಿದ ಹಿರಿಯ ನಾನೊಬ್ಬನೇ. ಅಂಗಡಿಗೆ ಬೀಗ ಹಾಕಿ, ಸವಣೂರಿನ ಕುರುಕಲು ಖಾರದ ಪೊಟ್ಟಣ ಹಿಡಿದು, ಹಾವೇರಿಯ ಮೇಲೆ ಹಾದು ಹೋದೆ.

ಅಂಗಳದಲ್ಲಿ ಗೋವಿನಜೋಳದ ರಾಶಿ. ಅಕ್ಕ ಅದರ ಮುಂದೆ ಕಾಲು ಚಾಚಿ ಕುಳಿತು ತೆನೆ ಸುಲಿಯುತ್ತಿದ್ದಳು. ಭಾವ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅಳಿಯ ಬಾಕ್ಸು ಜೋಡಿಸಿ, ಮೊಬೈಲನ್ನು ಅಕ್ಕನಿಗೆ ಕಾಣುವಂತೆ ಹಿಂಡಿಯ ಚೀಲಕ್ಕೆ ಆನಿಸಿ ನಿಲ್ಲಿಸಿದ. ಹೋರಿ ತನಗೆ ಮೇವು ಹಾಕುವ ಗ್ವಾದಲಿಯ ಮುಂದೆ ನಿಂತು ಮೆಲುಕು ಹಾಕುತ್ತಿತ್ತು.

ನಾನು ಹಾಡಿನ ಯೋಗ್ಯತೆ ನೋಡುವುದು, ಅಕ್ಕ ಮನುಷ್ಯನ ನಡತೆ ನೋಡುವುದು ಎಂದು ಹಂಚಿಕೆಯಾಯಿತು. ಅಕ್ಕನ ನಂಬಿಕೆ ಸರಳ. ಯಾರ ಹೆಸರಿಡುತ್ತೇವೋ ಅವರ ಗುಣ ಹೆಸರಿನ ಜೊತೆಗೇ ಬರುತ್ತದೆ. ಸಂಬಂಧ ಮಾಡುವಾಗ ವರನ ಮನೆ ನೋಡಲು ಹೋದವರು ಹೇಗೆ ಕೇಳುತ್ತಾರೋ ಹಾಗೆ ಅವಳು ಕೇಳತೊಡಗಿದಳು.

ಮೊದಲು ಬಂದವನು ಗಿಟಾರಿನವನು.

"ಇಂವ ಅಂದ್ರ ದೇವರ" ಅಂದ ಅಳಿಯ. "ಕಡೀಕ ಏನ ಮಾಡ್ತಾನ ನೋಡ್ಬೇ ಅವ್ವಾ."

ಕಡೆಗೆ ಅವನು ಗಿಟಾರನ್ನು ನೆಲಕ್ಕೆ ಬಡಿದು ಬಡಿದು ಚೂರು ಮಾಡಿದ.

ಅಕ್ಕ ಕೈಯಲ್ಲಿನ ತೆನೆ ಕೆಳಗಿಟ್ಟಳು. "ಯಾರದದು?"

"ಅವಂದ."

"ಯಾರ ಮ್ಯಾಲೆ ಸಿಟ್ಟು?"

"ಸಿಟ್ಟಲ್ಲಬೇ, ಅದು ಕಲಾ."

"ಹೌದ? ನಾಳೆ ಇದು ಗ್ವಾದಲಿ ಒಡದು ಕಲಾ ಅಂದ್ರ ನಿಮ್ಮಪ್ಪ ಕಟ್ಟಿ ಕೊಡ್ತಾನ? ಮುಂದಿಂದು ಹಚ್ಚು."

ನನ್ನ ಅಭಿಪ್ರಾಯವನ್ನೂ ಹೇಳಿದೆ. ಒಡೆಯುವ ಮುಂಚೆ ಅವನು ನುಡಿಸಿದ್ದನ್ನು ಲಕ್ಷ್ಯಗೊಟ್ಟು ಕೇಳಿದರೆ, ಒಡೆದದ್ದು ಪಶ್ಚಾತ್ತಾಪದಿಂದ ಎನ್ನಿಸುತ್ತದೆ. ತಾನು ಮಾಡಿದ ಸಂಗೀತಕ್ಕೆ ಅವನು ನ್ಯಾಯವಾದ ಬೆಲೆ ಕಟ್ಟಿದ್ದು ಅದೊಂದು ಗಳಿಗೆಯಲ್ಲಿ ಮಾತ್ರ. ಅಳಿಯ ನನ್ನನ್ನು ನೋಡಿದ ನೋಟದಲ್ಲಿ ರಕ್ತಸಂಬಂಧವಿರಲಿಲ್ಲ.

ಆಮೇಲೆ ಮುಖಕ್ಕೆ ಬಣ್ಣ ಬಳಿದುಕೊಂಡು, ಸುತ್ತಲೂ ಬೆಂಕಿ ಹಚ್ಚಿಕೊಂಡು ಕಿರುಚುವ ತಂಡ ಬಂತು. ಕಿರುಚುವುದರ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ದೊಡ್ಡಾಟದ ರಾಕ್ಷಸನೂ ಬಣ್ಣ ಬಳಿದುಕೊಂಡು ಕಿರುಚುತ್ತಾನೆ, ಮೂರು ಊರಿಗೆ ಕೇಳುವಂತೆ ಕಿರುಚುತ್ತಾನೆ. ಆದರೆ ರಂಗದ ಮೇಲೆ ಬಂದವನು ಮೊದಲು ತಾನು ಯಾರು, ಎಲ್ಲಿಯವನು, ಯಾಕೆ ಬಂದೆ ಎಂಬುದನ್ನು ಹೇಳುತ್ತಾನೆ. ಇವರು ಕೊನೆಯವರೆಗೂ ಹೇಳಲಿಲ್ಲ. ಬಂದರು, ಕೂಗಿದರು, ಹೊಗೆಯಲ್ಲಿ ಕರಗಿದರು. ಅಕ್ಕ, "ಬೆಂಕಿ ಆರಿಸಿ ಹೋದರೇನು?" ಎಂದಷ್ಟೇ ಕೇಳಿದಳು. ಪಕ್ಕದಲ್ಲಿ ಬಣವೆ ಇರುವವರ ಪ್ರಶ್ನೆ ಅದು.

ನಂತರದವನು ಮೆತ್ತಗಿನವನು. ಕಣ್ಣು ಮುಚ್ಚಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಬಿಟ್ಟುಹೋದ ಹುಡುಗಿಗಾಗಿ ಹಾಡುತ್ತಾನೆ. ಅಕ್ಕನಿಗೆ ಮೊದಲು ಕರುಳು ಚುರುಕ್ಕೆಂದಿತು. ಅಳಿಯ ಎರಡನೆಯ ಹಾಡು ಹಾಕಿದ. ಮೂರನೆಯದು ಹಾಕಿದ.

"ಈಕಿ ಅದಽ ಹುಡಿಗೇನು?"

"ಅಲ್ಲ, ಬ್ಯಾರೆ."

"ಎಷ್ಟ ಮಂದಿ ಬಿಟ್ಟ ಹೋಗ್ಯಾರ ಇವನ್ನ?"

"ಹಾಡಿಗೊಬ್ಬಾಕಿ."

"ಹಂಗಾದ್ರ ತಪ್ಪ ಅವರದಲ್ಲ ಬಿಡು" ಎಂದು ಅಕ್ಕ ಮತ್ತೆ ತೆನೆಗೆ ಕೈ ಹಾಕಿದಳು.

ಒಬ್ಬನ ಧ್ವನಿ ಮಷೀನಿನಲ್ಲಿ ಹಾದು ಬರುತ್ತಿತ್ತು. ಈಗಿನ ಕಾಲದವನು, ಅಳಿಯನ ಪ್ರಕಾರ ಜಗತ್ತೇ ಅವನ ಕಾಲಡಿಯಲ್ಲಿದೆ. ಮೊಬೈಲ್ ಸಾಮಾನು ಮಾರುವವನಾಗಿ ಹೇಳುತ್ತೇನೆ: ನೆಟ್‌ವರ್ಕ್ ಸಿಗದ ಕಡೆ ನಿಂತು ಸಂಬಂಧಿಕರು ಫೋನು ಮಾಡಿದಾಗ ಬರುವ ಧ್ವನಿ ಅದು. ಅಂಥ ಧ್ವನಿಗೆ ನಾವು "ಆಮ್ಯಾಲೆ ಮಾಡ್ರಿ" ಎಂದು ಇಟ್ಟುಬಿಡುತ್ತೇವೆ. ಅಲ್ಲಿ ಅದಕ್ಕೆ ಚಪ್ಪಾಳೆ ತಟ್ಟುತ್ತಾರೆ.

ಇನ್ನೊಂದು ತಂಡದ ಹಾಡು ಶುರುವಾಗಲೇ ಒಲ್ಲದು. ಮೊದಲು ಗಾಳಿ ಬೀಸಿದ ಸದ್ದು, ಆಮೇಲೆ ದೂರದಲ್ಲಿ ಗಂಟೆ, ಆಮೇಲೆ ಯಾರೋ ಬಾಗಿಲು ತೆಗೆದಂತೆ. ಭಾವ ಒಂದು ಎಲೆ ಮುಗಿಸಿ ಇನ್ನೊಂದಕ್ಕೆ ಸುಣ್ಣ ಹಚ್ಚಿದರು. ಅಕ್ಕನ ಮುಂದಿನ ರಾಶಿ ಕಣ್ಣಿಗೆ ಕಾಣುವಷ್ಟು ಇಳಿಯಿತು.

"ಹಾಡ ಯಾವಾಗ ಶುರು ಆಗತೈತಿ?" ಎಂದು ಅಕ್ಕ ಕೇಳಿದಳು.

"ಮುಗೀತಲ್ಲಬೇ."

ಈ ತಂಡವನ್ನು ಜಗತ್ತಿನ ಬುದ್ಧಿವಂತರೆಲ್ಲ ಮೆಚ್ಚುತ್ತಾರೆಂದು ಅಳಿಯ ಹೇಳಿದ. ನಾನು ಒಪ್ಪಿದೆ. ಬುದ್ಧಿವಂತರಿಗೆ ಹೊಲದ ಕೆಲಸವಿರುವುದಿಲ್ಲ.

ಒಬ್ಬಳು ಹೆಂಗಸು ಬಂದಳು. ಹಾಡಿಗೊಂದು ವೇಷ, ಹಿಂದೆ ಕುಣಿಯುವವರ ದಂಡು. ಹಾಡು ಅವಳಿಗೆ ಒಂದು ಬಟ್ಟೆಗೂ ಇನ್ನೊಂದು ಬಟ್ಟೆಗೂ ನಡುವಿನ ಪುರುಸೊತ್ತು ಎಂದು ನನ್ನ ಅಭಿಪ್ರಾಯ. ಅಕ್ಕ ಒಪ್ಪಲಿಲ್ಲ. "ಸುಮ್ನ ಇರು. ನೋಡಲ್ಲಿ, ಹೆಂಗ ಬೆವರ ಸುರಸಾಕತ್ತಾಳ. ಕೆಲಸಗಾರ್ತಿ ಆಕಿ. ಆ ದಂಡನ್ನೆಲ್ಲ ಹಿಡದು ದುಡಸಾಕತ್ತಾಳ, ಹೇಳಿದಂಗ ಕೇಳ್ತಾವ." ನಮ್ಮ ಮನೆಯಲ್ಲಿ ಸಸಿ ನಾಟಿಗೆ ಆಳು ಕರೆದು ಸಂಭಾಳಿಸುವವಳು ಅಕ್ಕ. ಅವಳ ಮೆಚ್ಚುಗೆ ವೃತ್ತಿಬಾಂಧವಳದು. ಹೋರಿಗೆ ಹೆಣ್ಣಿನ ಹೆಸರು ಇಟ್ಟರೆ ಜನ ಆಡಿಕೊಳ್ಳುತ್ತಾರೆಂದು, ಮನೆಯಲ್ಲಿ ಗಬ್ಬವಾಗಿದ್ದ ಆಕಳು ಈದು ಹೆಣ್ಣುಗರು ಹಾಕಿದರೆ ಅದಕ್ಕೆ ಇಡುವುದೆಂದು ಆ ಹೆಸರನ್ನು ಕಾದಿರಿಸಲಾಯಿತು.

ಕೂಡಿ ಹಾಡಿ, ಹೆಸರು ಮಾಡಿ, ಆಮೇಲೆ ಜಗಳಾಡಿ ಬೇರೆಯಾದ ಒಂದು ತಂಡದ ಸರದಿ ಬಂದಾಗ ಭಾವ ಮುಂಜಾನೆಯಿಂದ ಮೊದಲ ಸಲ ಬಾಯಿ ತೆರೆದರು.

"ಹಿಸ್ಸೆ ಆದ ಮನಿ. ಬ್ಯಾಡ."

ಇದನ್ನು ನಾನು ಮನಸ್ಸಿಲ್ಲದೆ ಒಪ್ಪಿದೆ, ಯಾಕೆಂದರೆ ಕೂಡಿ ಹಾಡಿದಾಗ ಅವರು ಚೆನ್ನಾಗಿಯೇ ಹಾಡಿದ್ದರು. ಆ ಪೆಟ್ಟಿಗೆಯಲ್ಲಿ ನಾನು ಹಟವಿಲ್ಲದೆ ಎರಡನೆಯ ಸಲ ಕೇಳಿದ ಕ್ಯಾಸೆಟ್ ಅದೊಂದೇ. ಬೇರೆಯಾದ ಮೇಲೆ ಒಬ್ಬೊಬ್ಬರೇ ಹಾಡಿದ್ದನ್ನು ಕೇಳಿದರೆ ಸಂಕಟವಾಗುತ್ತದೆ. ಹಿಸ್ಸೆಯಲ್ಲಿ ಬಾವಿ ಒಬ್ಬನಿಗೆ, ಹಗ್ಗ ಒಬ್ಬನಿಗೆ, ಕೊಡ ಒಬ್ಬನಿಗೆ ಬಂದಂತೆ. ಎಲ್ಲರೂ ತಮ್ಮ ಪಾಲು ದೊಡ್ಡದೆಂದು ಕುಳಿತಿದ್ದಾರೆ, ಯಾರಿಗೂ ನೀರಿಲ್ಲ.

ಹೊತ್ತು ಇಳಿಯುತ್ತ ಬಂದಿತ್ತು. ಅಳಿಯನ ಮುಖವೂ ಇಳಿದಿತ್ತು. ಕೊನೆಗೆ ಒಬ್ಬ ಮುದುಕನನ್ನು ಹಾಕಿದ. ಮುದುಕನೆಂದರೆ ನಮ್ಮ ಭಾವನಿಗಿಂತ ಹಿರಿಯ. ಮೈಗಂಟಿದ ಪ್ಯಾಂಟು, ಎದೆಯವರೆಗೆ ಬಿಚ್ಚಿದ ಅಂಗಿ. ರಂಗದ ಆ ತುದಿಯಿಂದ ಈ ತುದಿಗೆ ಓಡುತ್ತಾನೆ, ಈ ತುದಿಯಿಂದ ಆ ತುದಿಗೆ ಓಡುತ್ತಾನೆ. ನಡುನಡುವೆ ಜಿಗಿಯುತ್ತಾನೆ.

ಅಕ್ಕ ಸುಲಿಯುವುದನ್ನು ನಿಲ್ಲಿಸಿದಳು.

"ಇವಗ ಮೊಣಕಾಲ ನೋವಿಲ್ಲೇನು?"

"ಇಲ್ಲಬೇ. ವರ್ಷಾ ಹಿಂಗಽ ಓಡ್ತಾನ."

"ಯಾರರ ಹಿಡದಾರೇನು?"

"ಯಾರ ಕೈಗೂ ಸಿಕ್ಕಿಲ್ಲ."

"ಮತ್ತೇನ? ಇವಂದಽ ಇಡ್ರಿ" ಅಂದಳು ಅಕ್ಕ. "ಈ ವಯಸ್ಸಿನ್ಯಾಗ ಹಿಂಗ ಓಡಾಕತ್ತಾನಂದ್ರ, ನಮ್ಮ ಹುಡುಗಗ ಏನ ಧಾಡಿ?"

ನಾನು ವಿರೋಧಿಸಿದೆ. ಇದು ದಾಖಲಾಗಬೇಕು. "ಅಕ್ಕಾ, ಹಾಡು ಕೇಳು, ಕಾಲ ನೋಡಬ್ಯಾಡ. ಆತ ಓಡ್ತಾನ, ಹಾಡು ನಿಂತಲ್ಲೇ ನಿಂತೈತಿ. ಹರೇದಾಗ ಹಾಡಿದ್ದನ್ನಽ ಇವತ್ತೂ ಹಾಡಾಕತ್ತಾನ. ಹಾಡು ಹೋಗಲಾರದ್ದಕ್ಕ ತಾನು ಓಡಾಕತ್ತಾನ."

"ನಿನ್ನ ಹಾಡ ತೊಗೊಂಡ ಏನ ಮಾಡೂದು? ಓಡಬೇಕಾದ್ದು ಹೋರಿ" ಎಂದಳು ಅಕ್ಕ.

ತೀರ್ಮಾನವಾಯಿತು. ಹೋರಿ ಮೆಲುಕು ಹಾಕುವುದನ್ನು ಇಡೀ ದಿನದಲ್ಲಿ ಒಮ್ಮೆಯೂ ನಿಲ್ಲಿಸಿರಲಿಲ್ಲ.

ಹೆಸರಿಡುವುದೆಂದರೆ ನಮ್ಮಲ್ಲಿ ಸುಮ್ಮನೆ ಕೂಗುವುದಲ್ಲ. ತೊಟ್ಟಿಲ ಕೂಸಿನ ಕಿವಿಯಲ್ಲಿ ಸೋದರತ್ತೆ ಕುರ್‌ ಎಂದು ಹೆಸರು ಹೇಳಬೇಕು, ಹೇಳುವಾಗ ಅವಳ ಬೆನ್ನಿಗೆ ಉಳಿದ ಹೆಂಗಸರು ಗುದ್ದಬೇಕು. ಹೋರಿಗೆ ಸೋದರತ್ತೆ ಎಲ್ಲಿಂದ ತರುವುದು? ಸೋದರಮಾವನಾದರೂ ಇದ್ದಾನಲ್ಲ ಎಂದು ನನ್ನನ್ನು ಮುಂದೆ ನೂಕಿದರು. ಬದುಕಿನಲ್ಲಿ ಗೌರವದಿಂದ ಇದ್ದವನು ನಾನು. ಕೊಟ್ಟಿಗೆಯಲ್ಲಿ ಬಗ್ಗಿ ನಿಂತು, ಹೋರಿಯ ಬಲಗಿವಿ ಹಿಡಿದು, ಸಮುದ್ರದಾಚೆಯ ಒಬ್ಬ ಮುದುಕನ ಹೆಸರನ್ನು ಹೇಳಿದೆ. ಓಣಿಯ ಹೆಂಗಸರು ನನ್ನ ಬೆನ್ನಿಗೆ ಗುದ್ದಿದರು. ಸೋದರತ್ತೆಗೆ ಗುದ್ದುವಾಗ ಇರುವ ಸಲುಗೆಗಿಂತ ಹೆಚ್ಚು ಬಲ ಅದರಲ್ಲಿತ್ತು. ಹೋರಿ ಕಿವಿ ಜಾಡಿಸಿ ನನ್ನ ಮುಖಕ್ಕೆ ಜೊಲ್ಲು ಸಿಡಿಸಿತು. ಅಕ್ಕ, "ಒಪ್ಪಿಕೊಂತು" ಎಂದಳು.

ಟೀ ಶರ್ಟು ಶಿಗ್ಗಾವಿಯಲ್ಲಿ ಮುದ್ರಣವಾದವು. ಎದೆಯ ಮೇಲೆ ಹಾಡುಗಾರನ ಮುಖ, ತಲೆಯ ಎರಡೂ ಕಡೆ ಹೋರಿಯ ಕೋಡು, ಕೆಳಗೆ ಅಭಿಮಾನಿ ಬಳಗದ ಹೆಸರು. ತಂದು ಬಿಚ್ಚಿ ನೋಡಿದರೆ ಮುದುಕನ ಹಣೆಯ ಮೇಲೆ ದಪ್ಪಗೆ ವಿಭೂತಿ. ಅಳಿಯ ನಿಂತಲ್ಲಿಂದಲೇ ಫೋನು ಮಾಡಿ ಕೂಗಾಡಿದ. ಮುದ್ರಣದವರು ಶಾಂತವಾಗಿ ಹೇಳಿದರಂತೆ: "ಹಣಿ ಖಾಲಿ ಕಾಣಾಕತ್ತಿತ್ರಿ. ದೀಪಾವಳಿ ಹಬ್ಬ, ಬರೇ ಹಣೀಲೆ ಹೆಂಗ ಕಳಸೂದಂತ ನಾವಽ ಹಚ್ಚಿದಿವ್ರಿ. ಅದಕ್ಕ ರೊಕ್ಕ ಹಿಡದಿಲ್ರಿ." ಭಾವ ಒಂದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. "ಈಗ ಮನಷ್ಯಾ ಕಂಡಂಗ ಕಾಣಾಕತ್ತಾನ" ಎಂದರು. ಅದು ಅವರ ಎರಡನೆಯ ಮಾತು.

ಇನ್ನು ತಾಲೀಮು. ಮುಂಜಾನೆ ಕೆರೆಯಲ್ಲಿ ಈಜು, ಸಂಜೆ ಕೆರೆ ಏರಿಯ ಮೇಲೆ ನಡಿಗೆ. ಅಖಾಡದ ಗದ್ದಲಕ್ಕೆ ಹೋರಿ ಹೆದರಬಾರದೆಂದು ಅಳಿಯ ಒಂದು ಉಪಾಯ ಮಾಡಿದ. ಆ ಮುದುಕನ ಹಾಡನ್ನು ಏಕಾಏಕಿ ಹಾಕಿದರೆ ಬೆದರುತ್ತದೆ, ಅದಕ್ಕೆ ಮೇವಿನ ಹೊತ್ತಿಗೆ ಹಾಕಬೇಕು. ಬೇಯಿಸಿದ ಹುರುಳಿ, ಹತ್ತಿಕಾಳು, ಹಿಂಡಿ ಕಲಸಿದ ಬುಟ್ಟಿ ಅಕ್ಕನ ಕೈಯಲ್ಲಿ, ಬಾಕ್ಸಿನ ಗುಂಡಿ ಅಳಿಯನ ಕೈಯಲ್ಲಿ. ಹಾಡು ಶುರುವಾದೊಡನೆ ಬುಟ್ಟಿ ಬರುತ್ತಿತ್ತು. ಕೆಲವೇ ದಿನಗಳಲ್ಲಿ ಹೋರಿಗೆ ಹಾಡಿನ ಭಯ ಪೂರ್ತಿ ಹೋಯಿತು. ಮೊದಲ ಗಿಟಾರು ಕೇಳಿಸಿದರೆ ಸಾಕು, ನಾಲ್ಕೂ ಕಾಲು ಊರಿ, ಕತ್ತು ಚಾಚಿ, ಕಣ್ಣು ಅರ್ಧ ಮುಚ್ಚುತ್ತಿತ್ತು. "ನೋಡ್ರಿ ಮಾಮಾ, ಹೆಂಗ ಲಕ್ಷ್ಯ ಕೊಟ್ಟ ಕೇಳತೈತಿ" ಎಂದ ಅಳಿಯ. ನಾನೂ ಭಾವುಕನಾಗಿ, ನನ್ನ ಅಂಗಡಿಗೆ ಇಂಥ ಗಿರಾಕಿ ಒಬ್ಬನೂ ಬಂದಿರಲಿಲ್ಲವೆಂದೆ. ಆ ಮನೆಯಲ್ಲಿ ಎಲ್ಲರೂ ದನಗಳೊಂದಿಗೇ ಬೆಳೆದವರು. ಆದರೂ ಇದರಲ್ಲಿ ಏನೋ ಎಡವಟ್ಟಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನಾವು ಹಾಡಿನ ವಿಚಾರ ಮಾಡುತ್ತಿದ್ದೆವು. ಹುರುಳಿಯ ವಿಚಾರ ಮಾಡುತ್ತಿದ್ದುದು ಹೋರಿ ಒಂದೇ.

ಹಾನಗಲ್ಲಿನ ಅಖಾಡಕ್ಕೆ ಎರಡು ಗಾಡಿ ಹೋದವು. ಒಂದರಲ್ಲಿ ಹೋರಿ, ಇನ್ನೊಂದರಲ್ಲಿ ಬಾಕ್ಸು. ಅಕ್ಕ, ಭಾವ, ನಾನು ಬೇರೆ ಬಾಡಿಗೆಯ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹೋಗಿ ಅಖಾಡದ ಕೊನೆಯ ತುದಿಯಲ್ಲಿ ಬೇಲಿಗೆ ತಾಗಿಸಿ ನಿಲ್ಲಿಸಿಕೊಂಡೆವು. ಅಕ್ಕನ ಮಡಿಲಲ್ಲಿ ರೊಟ್ಟಿಯ ಬುತ್ತಿ. ಜನ ಮನೆಯ ಮಾಳಿಗೆಯ ಮೇಲೆ, ಮರದ ಮೇಲೆ, ಲಾರಿಯ ಮೇಲೆ. ಒಂದಾದ ಮೇಲೊಂದು ಹೋರಿ ಗುಂಡು ಹಾರಿದಂತೆ ಹೋಗುತ್ತಿದ್ದವು. ಕೊಬ್ಬರಿ ಹರಿದ ಪೈಲ್ವಾನರು ಅದನ್ನು ಎತ್ತಿ ಹಿಡಿದು ಕುಣಿಯುತ್ತಿದ್ದರು.

ನಮ್ಮ ಸರದಿ ಬಂತು. ಮೈಕಿನವನು ಚೀಟಿ ನೋಡಿದ, ಹೆಸರನ್ನು ಒಮ್ಮೆ ಪ್ರಯತ್ನಿಸಿದ, ಕ್ಷಮೆ ಕೇಳಿದ, ಮತ್ತೆ ಪ್ರಯತ್ನಿಸಿದ. ಕೊನೆಗೆ, "ಹಿರೇಕೆರೂರ ತಾಲೂಕಿನ ಹೆಮ್ಮೆಯ ಫಾರಿನ್ ಹೋರಿ ಬರಾಕತ್ತೈತಿ, ಪೈಲ್ವಾನರು ಜ್ವಾಕಿ, ಜೀವದ ಮ್ಯಾಲೆ ಆಸೆ ಇದ್ದವರು ಹಿಂದ ಸರೀರಿ!" ಎಂದ. ವಿಭೂತಿ ಹಚ್ಚಿದ ಮುದುಕನ ಮುಖಗಳು ಅಖಾಡದ ಬಾಯಲ್ಲಿ ಕೇಕೆ ಹಾಕಿದವು. ಹಗ್ಗ ಬಿಚ್ಚಿದರು.

ನಮ್ಮ ಹೋರಿ ಓಡಿತು. ಸುಳ್ಳಲ್ಲ, ಆರಂಭದಲ್ಲಿ ನಿಜವಾಗಿಯೂ ಓಡಿತು. ಬೆನ್ನಿನ ಮೇಲಿನ ಬಣ್ಣದ ಜೂಲ ಹಾರುತ್ತ, ಗೆಜ್ಜೆ ಝಣಗುಡುತ್ತ ಹತ್ತು ಮಾರು ಬಂತು. ಟ್ರಾಲಿಯಲ್ಲಿ ಅಕ್ಕ ಎದ್ದು ನಿಂತಳು. ಭಾವನೂ ಎದ್ದು ನಿಂತರು.

ಆಗ ಅಳಿಯ ಹಾಡು ಹಾಕಿದ.

ಮೊದಲ ಗಿಟಾರು ಕೇಳಿಸಿದ್ದೇ ತಡ, ಹೋರಿ ನಾಲ್ಕೂ ಕಾಲು ಊರಿ ನಿಂತಿತು. ಕತ್ತು ಚಾಚಿತು. ಕಣ್ಣು ಅರ್ಧ ಮುಚ್ಚಿತು. ಬಾಯಿ ತೆರೆದು ಬುಟ್ಟಿಯನ್ನು ಕಾಯುತ್ತ ಅಖಾಡದ ನಟ್ಟನಡುವೆ ನಿಂತುಕೊಂಡಿತು.

ಹಾರಲು ಮೈ ಬಾಗಿಸಿದ್ದ ಪೈಲ್ವಾನರು ಬಾಗಿದಲ್ಲೇ ಉಳಿದರು. ಓಡುವ ಹೋರಿಯ ಮೇಲೆ ಬೀಳುವುದು ಗಂಡಸುತನ. ನಿಂತ ದನದ ಕೊರಳಿನಿಂದ ಕೊಬ್ಬರಿ ಬಿಚ್ಚಿಕೊಳ್ಳುವುದು ಕಿರಾಣಿ ಅಂಗಡಿಯ ಕೆಲಸ. ಒಬ್ಬರ ಮುಖ ಒಬ್ಬರು ನೋಡಿದರು.

"ನೀ ಹರಿ."

"ನಾ ಯಾಕ ಹರೀಲಿ? ನಮ್ಮೂರಾಗ ಮುಖ ತೋರಸಬೇಕ ನಾನು. ನೀ ಹರಿ."

"ಹುಲಿ ಸತ್ತ ಮ್ಯಾಲೆ ಮೀಸಿ ಹಿಡದಂಗ ಆಕ್ಕತಿ. ಒಲ್ಲೆ."

ಯಾರೂ ಕೈ ಹಚ್ಚಲಿಲ್ಲ. ಮುದುಕ ಬಾಕ್ಸಿನಲ್ಲಿ ಪೂರ್ತಿ ಹಾಡಿ ಮುಗಿಸಿದ. ಹಾನಗಲ್ಲಿನಲ್ಲಿ ಅವನ ಹಾಡನ್ನು ಅಷ್ಟು ಮಂದಿ ಅಷ್ಟು ಮೌನವಾಗಿ ಕೇಳಿದ್ದು ಅದೇ ಮೊದಲು. ನನ್ನ ಅಭಿಪ್ರಾಯ ಬದಲಾಗಲಿಲ್ಲ. ಹಾಡು ನಿಂತಲ್ಲೇ ನಿಂತಿತ್ತು, ಈಗ ಅದರ ಜೊತೆಗೆ ಹೋರಿಯೂ ನಿಂತಿತ್ತು.

ಹಾಡು ಮುಗಿದರೂ ಬುಟ್ಟಿ ಬರಲಿಲ್ಲ. ಹೋರಿ ಕಣ್ಣು ತೆರೆದು ಸುತ್ತಲೂ ನೋಡಿತು. ಆಮೇಲೆ ಮನೆಯ ಹಿತ್ತಲಲ್ಲಿ ನಡೆದಂತೆ ನಿಧಾನವಾಗಿ, ಪೈಲ್ವಾನರ ನಡುವಿನಿಂದ ಹಾದು, ಗೆರೆ ದಾಟಿ, ನೇರವಾಗಿ ನಮ್ಮ ಟ್ರಾಲಿಗೆ ಬಂದು, ಮತ್ತೆ ಕುಳಿತಿದ್ದ ಅಕ್ಕನ ಮಡಿಲಿಗೆ ಮೋರೆ ಇಟ್ಟಿತು. ಅಕ್ಕ ಬುತ್ತಿ ಬಿಚ್ಚಿದಳು. ನಮ್ಮೆಲ್ಲರ ಮಧ್ಯಾಹ್ನದ ರೊಟ್ಟಿ ಅಲ್ಲಿಗೆ ಮುಗಿಯಿತು. ಕೊಬ್ಬರಿಯ ಸರದಲ್ಲಿ ಒಂದು ಗಂಟೂ ಸಡಿಲಾಗಿರಲಿಲ್ಲ.

ಕಮಿಟಿಯಲ್ಲಿ ದೊಡ್ಡ ವಾದ ಹುಟ್ಟಿತು. ಕೊಬ್ಬರಿ ಹರಿಯದೆ ದಾಟಿದ ಹೋರಿ ಗೆದ್ದಂತೆ ಎಂಬುದು ನಿಯಮ. ಎಷ್ಟು ಜೋರಾಗಿ ದಾಟಬೇಕೆಂದು ಹೇಳುವ ಅಗತ್ಯ ಇದುವರೆಗೆ ಯಾರಿಗೂ ಬಿದ್ದಿರಲಿಲ್ಲ. ಕಮಿಟಿಯ ಹಿರಿಯರೊಬ್ಬರು ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದರು: "ಓಡಿ ಸೋತ ಹೋರಿ ನೋಡೇನಿ, ಓಡಿ ಗೆದ್ದ ಹೋರಿ ನೋಡೇನಿ. ಸಂತಿಗಿ ಬಂದಂಗ ಬಂದು ಗೆದ್ದ ಹೋರಿ ಇದಽ ಮೊದಲ ನೋಡ್ರಿ." ಕೊನೆಗೆ ಸಮಾಧಾನದ ಬಹುಮಾನವೆಂದು ಒಂದು ಮಿಕ್ಸರ್ ಕೊಟ್ಟರು. ಯಾರ ಸಮಾಧಾನಕ್ಕೆ ಎಂಬುದನ್ನು ಹೇಳಲಿಲ್ಲ.

ಅಳಿಯ ಮಿಕ್ಸರನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತ ಬಂದ. "ಗೆದ್ದಿವಿಬೇ ಅವ್ವಾ! ಮಾಮಾ, ಗೆದ್ದಿವಿ!"

ಅಕ್ಕ ಹೋರಿಯ ಗಂಗೆದೊಗಲು ಸವರುತ್ತಿದ್ದಳು. "ಗೆದ್ದಿ. ಖರೇ. ಆದ್ರ ನಾ ಏನಂದಿದ್ದೆ?"

ಅಳಿಯನ ಕುಣಿತ ನಿಂತಿತು.

"ಓಡಿದ್ರ ಹೋರಿ ಅಂದಿದ್ದೆ. ಗೆದ್ರ ಅಂದಿದ್ದಿಲ್ಲ."

"ಹತ್ತು ಮಾರು ಓಡೇತಲ್ಲಬೇ!"

"ಓಡಿತು. ಉಣ್ಣಾಕ ಕರದಿ, ನಿಂತಿತು. ನೋಡೋ ಮಗನ, ಇಷ್ಟ ಮಂದಿ ಇಷ್ಟ ಗದ್ದಲ ಮಾಡಿದ್ರೂ ನನ್ನ ಹುಡುಕ್ಕೊಂಡ ಬಂದು ರೊಟ್ಟಿ ಬೇಡತೈತಿ. ಇದು ಓಡಿ ಹೋಗೂ ಜೀವ ಅಲ್ಲ, ಮನಿ ಹಿಡಕೊಂಡ ಇರೂ ಜೀವ. ಅದನ್ನ ವರ್ಷಾ ವರ್ಷಾ ಮಂದಿ ನಡುವ ಬಿಟ್ಟು ಯಾಕ ತ್ರಾಸ ಕೊಡ್ತೀ?"

ಅಳಿಯ ನನ್ನ ಕಡೆ ನೋಡಿದ. ಸೋದರಮಾವನಾಗಿ ನಾನು ಏನಾದರೂ ಹೇಳಬೇಕಿತ್ತು. ನನಗೆ ಹಾಡಿನ ಬಗ್ಗೆ ಮಾತ್ರ ಅಭಿಪ್ರಾಯವಿತ್ತು. ಭಾವ ಟ್ರಾಲಿಯ ಮೇಲಿಂದ ಹೋರಿಯ ಬೆನ್ನನ್ನು ಅಳೆಯುವಂತೆ ನೋಡಿ, "ನಮ್ಮದಕ್ಕ ಸರಿ ಜೋಡಿ" ಎಂದರು. ಮೂರನೆಯ ಮಾತು.

ಡಾಕ್ಟರಿಗೆ ಸೋಮವಾರ ಅನುಕೂಲವಿತ್ತು. ಅದು ಬಸವಣ್ಣನ ವಾರ, ಬ್ಯಾಡ ಎಂದಳು ಅಕ್ಕ. ಡಾಕ್ಟರು ಬರುವ ಹಿಂದಿನ ಸಂಜೆ ಅಳಿಯ ಕೊಟ್ಟಿಗೆಗೆ ಬಾಕ್ಸು ತಂದಿಟ್ಟು ಆ ಹಾಡನ್ನು ಮೆತ್ತಗೆ ಹಾಕಿದ. ಅಕ್ಕ ಬುಟ್ಟಿ ತುಂಬ ಹುರುಳಿ ತಂದಿಟ್ಟಳು.

ಆಕಳು ಆ ಮಾಗಿಯಲ್ಲಿ ಈದಿತು, ಹೆಣ್ಣುಗರು. ಕಾದಿರಿಸಿದ ಹೆಸರನ್ನು ಅದಕ್ಕೆ ಇಟ್ಟರು, ಬೆನ್ನಿಗೆ ಗುದ್ದಿಸಿಕೊಳ್ಳಲು ನನ್ನನ್ನು ಮತ್ತೆ ಕರೆಸಿದರು. ಉಳಿದ ಟೀ ಶರ್ಟುಗಳನ್ನು ಭಾವ ಹೊಲಕ್ಕೆ ಹಾಕಿಕೊಂಡು ಹೋಗುತ್ತಾರೆ. ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಚೆನ್ನಾಗಿ ಆಗುತ್ತದೆ.

ಡಾಕ್ಟರು ಆ ಮಂಗಳವಾರವೇ ಬಂದು ಹೋಗಿದ್ದರು. ಈಗ ಅದು ಎತ್ತು. ನೊಗದ ಬಲಗಡೆ ಹೂಡುತ್ತಾರೆ.